ಅರಿಷಿಣಾನೂ ಆಂಟಿಸೆಪ್ಟಿಕ್, ಫಿನಾಯಿಲೂ ಆಂಟಿಸೆಪ್ಟಿಕ್!

ನಮ್ಮ ಮನಿಗಳೊಳಗ ಆಂಟಿಸೆಪ್ಟಿಕ್ ಅನ್ನೋವಷ್ಟು ಅಗ್ಗ ಆದ ಶಬ್ದ ಮತ್ತೊಂದಿಲ್ಲ. ಅರಿಷಿಣ ಆಂಟಿಸೆಪ್ಟಿಕ್, ಬೇವಿನ ತಪ್ಪಲ ಆಂಟಿಸೆಪ್ಟಿಕ್, ಜೇನುತುಪ್ಪ ಆಂಟಿಸೆಪ್ಟಿಕ್, ಸಗಣಿ ಸಾರಿಸಿದ ನೆಲ ಆಂಟಿಸೆಪ್ಟಿಕ್. ಡೆಟಾಲ್ ಅಂತೂ ಸರಿ, ಬಚ್ಚಲ ತೊಳಿಯೋ ಫಿನಾಯಿಲೂ ಆಂಟಿಸೆಪ್ಟಿಕ್. ಡಾಕ್ಟರು ಬರದುಕೊಟ್ಟ ಆಂಟಿಬಯಾಟಿಕ್ ಗುಳಿಗಿಗೆ ‘ಆಂಟಿಸೆಪ್ಟಿಕ್ ಗುಳಿಗಿ’ ಅಂತಾರ. ಧನುರ್ವಾಯು ಬರಬಾರದು ಅಂತ ಚುಚ್ಚೋ ಟಿ.ಟಿ.ಗೆ ‘ಸೆಪ್ಟಿಕ್ ಇಂಜೆಕ್ಷನ್’ ಅಂತಾರ. ಮದವಿ ಮನ್ಯಾಗ ಅಕ್ಷತಿ ಬಿದ್ದಂಗ ಈ ಶಬ್ದ ಎಲ್ಲಾದ್ರ ಮ್ಯಾಲೂ ಬೀಳ್ತದ.

ನಾ ಇವತ್ತ ಈ ಒಂದು ಶಬ್ದದ ಸಲುವಾಗಿ ಜಗಳಾ ತಗೀಲಿಕ್ಕೆ ಕೂತೇನಿ. ‘ಶಬ್ದದಾಗೇನದ ಬಿಡ್ರಿ, ಗಾಯ ಮಾಯ್ದ್ರ ಸಾಕು’ ಅಂತ ನೀವು ಅನಬಹುದು. ಆದ್ರ ಅಡಗಿಮನ್ಯಾಗ ಸಕ್ರಿ ಡಬ್ಬಿ ಮ್ಯಾಲೆ ಉಪ್ಪು ಅಂತ ಚೀಟಿ ಹಚ್ಚಿದ್ರ ಏನಾಗ್ತದ ಹೇಳ್ರಿ? ಸಾರು ಕೆಡ್ತದ, ಅಷ್ಟ. ಔಷಧದ ಶಬ್ದದ ಚೀಟಿ ತಪ್ಪಿದ್ರ ಕೆಡೋದು ಸಾರಲ್ಲ. ಕೂಸಿನ ಹೊಕ್ಕಳ, ಸಕ್ರಿ ಬ್ಯಾನಿ ಇದ್ದವರ ಕಾಲು.

ಮೊದಲ ಶಬ್ದದ ಅರ್ಥ ನೋಡೋಣ. ಸೆಪ್ಸಿಸ್ ಅಂದ್ರ ಗ್ರೀಕ್ ಭಾಷಾದಾಗ ಕೊಳಿಯೋದು. ನಮ್ಮ ಹಿತ್ತಲದಾಗ ಇರೋ ಸೆಪ್ಟಿಕ್ ಟ್ಯಾಂಕ್ ಅದ ಶಬ್ದದ ಕೂಸು. ಅಲ್ಲಿ ಕೊಳಿಬೇಕು, ಕೊಳಸೋ ಕ್ರಿಮಿ ಬೇಕು, ಅದಕ್ಕ ಅದಕ್ಕ ಆ ಹೆಸರು. ಕೊಳಿಯೋದಕ್ಕ ಎದುರು ನಿಲ್ಲೋದು ಆಂಟಿಸೆಪ್ಟಿಕ್. ಈಗ ತಮಾಷಿ ನೋಡ್ರಿ: ದಿನಾ ಮುಂಜಾನೆ ಸಂಡಾಸದಾಗ ಬಾಟ್ಲಿಗಟ್ಟಲೆ ಕ್ರಿಮಿ ಕೊಲ್ಲೋ ನೀರು ಸುರವೋರು, ಆಮೇಲೆ ‘ನಮ್ಮ ಟ್ಯಾಂಕ್ ಲಗೂನ ತುಂಬ್ತದ, ನಾತ ಹೊಡೀತದ’ ಅಂತ ಗೊಣಗೋರೂ ಅವರ. ಕೊಳಸೋ ಕ್ರಿಮಿನ ಕೊಂದು ಹಾಕಿದ ಮ್ಯಾಲೆ ಅದು ಕೊಳಿಯೋದು ಹೆಂಗ? ಶಬ್ದದ ಅರ್ಥ ಗೊತ್ತಿದ್ರ ಟ್ಯಾಂಕಿನ ಖರ್ಚೂ ಉಳೀತಿತ್ತು.

ಈ ಶಬ್ದ ಮೊದಲು ಗಾಯಕ್ಕ ಬಂದದ್ದಲ್ಲ. 1750ರ ಸುಮಾರಿಗೆ ಬ್ರಿಟಿಷ್ ಸೈನ್ಯದ ವೈದ್ಯ ಜಾನ್ ಪ್ರಿಂಗಲ್ ಮಾಂಸ ಕೊಳೀಲಾರದಂಗ ಯಾವ ಪದಾರ್ಥ ತಡೀತಾವ ಅಂತ ಪ್ರಯೋಗ ಮಾಡಿ ಈ ಶಬ್ದ ಬಳಸಿದ. ನಮ್ಮ ಉಪ್ಪಿನಕಾಯಿ ಭರಣಿ ಲೆಕ್ಕದ ಮಾತು ಅದು. ಗಾಯಕ್ಕ ತಂದು ಅದಕ್ಕೊಂದು ಗಟ್ಟಿ ಅರ್ಥ ಕೊಟ್ಟವನು ಜೋಸೆಫ್ ಲಿಸ್ಟರ್. ಕಾರ್ಲೈಲ್ ಅನ್ನೋ ಊರಾಗ ಗಟಾರದ ನಾತ ಹೋಗಲಿ ಅಂತ ಕಾರ್ಬಾಲಿಕ್ ಆಸಿಡ್ ಹಾಕ್ತಾರ ಅಂತ ಅಂವ ಕೇಳಿದ್ದ. ಕೊಳಸೋದು ಕಣ್ಣಿಗೆ ಕಾಣದ ಜೀವಿ ಅಂತ ಲೂಯಿ ಪಾಶ್ಚರ್ ಬರದದ್ದನ್ನ ಓದಿದ್ದ. ಎರಡನ್ನೂ ಕೂಡಿಸಿದ. 1865ರ ಆಗಸ್ಟದಾಗ ಗ್ಲಾಸ್ಗೋ ದವಾಖಾನಿಗೆ ಗಾಡಿ ಗಾಲಿ ಹಾಯ್ದು ಕಾಲಿನ ಎಲುಬು ಮುರಕೊಂಡ 11 ವರ್ಷದ ಹುಡುಗ ಬಂದ. ಚರ್ಮ ಹರಿದು ಎಲುಬು ಮುರಿದ್ರ ಆ ಕಾಲದಾಗ ಕಾಲು ಕತ್ತರಿಸೋದು, ಇಲ್ಲಾ ಸಾಯೋದು. ಲಿಸ್ಟರ್ ಕಾರ್ಬಾಲಿಕ್ ಆಸಿಡ್ಡಿನಾಗ ಅರಿವಿ ಅದ್ದಿ ಗಾಯಕ್ಕ ಕಟ್ಟಿದ. ಆರು ವಾರಕ್ಕ ಎಲುಬು ಕೂಡಿತು, ಕೀವು ಆಗಲಿಲ್ಲ. 1867ರಾಗ ಲ್ಯಾನ್ಸೆಟ್ ಪತ್ರಿಕಾದಾಗ ಅದನ್ನ ಬರದ. ಅಲ್ಲಿಂದ ಈ ಶಬ್ದಕ್ಕ ಮರ್ಯಾದಿ ಬಂತು.

ಆ ಕತಿಯೊಳಗ ನಾವು ಬಿಟ್ಟುಬಿಟ್ಟ ಭಾಗ ಒಂದದ. ಕಾರ್ಬಾಲಿಕ್ ಆಸಿಡ್ಡ ಚರ್ಮಾನೂ ಸುಡ್ತದ ಅಂತ ಲಿಸ್ಟರಗ ಕಂಡುಬಂತು. ಅದನ್ನ ತೆಳು ಮಾಡ್ತಾ ಹೋದ. ಅಂದ್ರ ಆಂಟಿಸೆಪ್ಟಿಕ್ ಅನ್ನೋದು ಪದಾರ್ಥದ ಜಾತಿ ಅಲ್ಲ, ಅದರ ಪ್ರಮಾಣದ ಮಾತು. ನನ್ನ ಮಗಳ ಪಿ.ಯು.ಸಿ. ರಸಾಯನಶಾಸ್ತ್ರದ ಪುಸ್ತಕದಾಗ ಇದನ್ನ ಒಂದ ಸಾಲಿನಾಗ ಬರದಿದ್ರು: ಫಿನಾಲ್ ನೀರಾಗ 0.2 ಪ್ರತಿಶತ ಇದ್ರ ಆಂಟಿಸೆಪ್ಟಿಕ್, 1 ಪ್ರತಿಶತ ಇದ್ರ ಡಿಸ್‌ಇನ್‌ಫೆಕ್ಟಂಟ್. ಫಿನಾಲ್ ಅಂದ್ರ ಅದ ಕಾರ್ಬಾಲಿಕ್ ಆಸಿಡ್. ಪದಾರ್ಥ ಒಂದ. ತೆಳುವು ಜೀವಂತ ಚರ್ಮಕ್ಕ, ದಪ್ಪನ್ನದು ನೆಲಕ್ಕ, ಗ್ವಾಡಿಗೆ, ಜೀವ ಇಲ್ದ ವಸ್ತುವಿಗೆ. ನಾನೂ ಪಿ.ಯು.ಸಿ. ತನಕ ಓದಿದಾಕಿನ. ಪಾಸಾಗೋದ್ರ ಸಲುವಾಗಿ ಇಂಥಾ ಸಾಲು ಬಾಯಿಪಾಠ ಮಾಡ್ತೇವಿ, ಮನಿಗೆ ಬಂದು ಡಬ್ಬಿ ತಗ್ಯೋವಾಗ ಯಾರೂ ನೆನಸಂಗಿಲ್ಲ.

ಈ ಗೆರಿ ಅಳಿಸಿದ್ರ ಏನಾಗ್ತದ ಅನ್ನೋದನ್ನ ಕೊರೊನಾ ಬಂದ ವರ್ಷ ಇಡೀ ದೇಶ ನೋಡೇದ. 2020ರ ಮಾರ್ಚ್ ಕೊನಿಗೆ ಉತ್ತರಪ್ರದೇಶದ ಬರೇಲಿಯೊಳಗ, ಊರಿಗೆ ಹೊಳ್ಳಿ ಬಂದ ಕೂಲಿ ಮಂದೀನ ರಸ್ತಾದಾಗ ಕೂಡಿಸಿ, ಹೆಂಗಸ್ರು ಸಣ್ಣ ಹುಡುಗ್ರು ಅನ್ನದ, ಪೈಪಿನಿಂದ ಬ್ಲೀಚ್ ನೀರು ಹೊಡದ್ರು. ಬಸ್ಸು ತೊಳಿಯೋ ಔಷಧ ಮನಶಾರ ಮ್ಯಾಲೆ! ಹೊಡದವರ ಬಾಯಾಗ ಇದ್ದದ್ದೂ ಇಂಥಾದ್ದ ಒಂದು ಶಬ್ದ, ‘ಸ್ಯಾನಿಟೈಸ್’. ಮುಂದ ಏಪ್ರಿಲದಾಗ ಕೇಂದ್ರ ಆರೋಗ್ಯ ಇಲಾಖೆಯವರು ‘ಮನಶಾರ ಮ್ಯಾಲೆ ಇದನ್ನ ಹೊಡೀಬಾರದು, ಕಣ್ಣಿಗೆ ಚರ್ಮಕ್ಕ ಅಪಾಯ’ ಅಂತ ಸೂಚನಾ ಹೊರಡಸಬೇಕಾತು. ಅವತ್ತ ಟಿ.ವಿ. ಮುಂದ ಕೂತು ‘ಅಯ್ಯ ಪಾಪ’ ಅಂದವರು ನಮ್ಮ ಮನ್ಯಾಗೇನು ಕಡಿಮಿ ಮಾಡ್ತೇವಿ? ಹುಡುಗ ಮೊಣಕಾಲು ತರಚಿಕೊಂಡು ಬಂದ್ರ ಡೆಟಾಲ್ ಬಾಟ್ಲಿ ಮುಚ್ಚಳ ತಗದು ಹಂಗ ಸುರವಿಬಿಡ್ತೇವಿ. ನೀರು ಬೆರಸ್ರಿ ಅಂತ ಬಾಟ್ಲಿ ಮ್ಯಾಲೆ ಬರದಿರ್ತದ. ನೀರಿಗೆ ಹಾಕಿದ್ರ ಅದು ಹಾಲಿನಂಗ ಬೆಳ್ಳಗಾಗ್ತದ, ಹಂಗಾದಾಗ ಹಚ್ಚೋದು. ಹುಡುಗ ಚೀರಿದ್ರ ‘ಉರಿಯಾಕತ್ತೇತಿ ಅಂದ್ರ ಕ್ರಿಮಿ ಸಾಯಾಕತ್ತಾವ’ ಅಂತ ಸಮಾಧಾನ ಹೇಳೋದು ಬ್ಯಾರೆ. ಉರಿಯೋದು ಕ್ರಿಮಿಗಲ್ರೀ, ಹುಡುಗಗ. ಉರಿ ಅನ್ನೋದು ಔಷಧದ ಸರ್ಟಿಫಿಕೇಟ್ ಅಲ್ಲ. ಖಾರಾ ಹಚ್ಚಿದ್ರೂ ಉರೀತದ.

ಇನ್ನ ‘ಆಂಟಿಸೆಪ್ಟಿಕ್ ಗುಳಿಗಿ’ ಅನ್ನೋದು. ಆಂಟಿಸೆಪ್ಟಿಕ್ ಮೈ ಮ್ಯಾಲೆ ಹಚ್ಚೋದು. ರಕ್ತದಾಗ ಹೋಗಿ ಬ್ಯಾಕ್ಟೀರಿಯಾ ಕೂಡ ಬಡದಾಡೋದು ಆಂಟಿಬಯಾಟಿಕ್, ಅದಕ್ಕ ಲೆಕ್ಕ ಅದ, ದಿನ ಅದ, ಡಾಕ್ಟರ್ ಚೀಟಿ ಅದ. ಎರಡಕ್ಕೂ ಒಂದ ಹೆಸರು ಇಟ್ಟದ್ದಕ್ಕ ಮಂದಿ ಅದನ್ನ ಅರಿಷಿಣದಷ್ಟ ಹಗೂರ ತಿಳಕೊಂಡಾರ. ನೆಗಡಿಗೆ ಒಂದು ನುಂಗೋದು, ಎರಡು ದಿನಕ್ಕ ಆರಾಮ ಅನಿಸಿದ್ರ ಉಳದದ್ದನ್ನ ಡಬ್ಬ್ಯಾಗ ಹಾಕಿಟ್ಟು ಮುಂದಿನ ಸಲ ಮಗ್ಗಲ ಮನಿಯಾಕಿಗೆ ಕೊಡೋದು. ನೆಗಡಿ ವೈರಸ್ಸಿನದು, ಅದಕ್ಕ ಆಂಟಿಬಯಾಟಿಕ್ ತಾಗಂಗಿಲ್ಲ. ಬ್ಯಾಕ್ಟೀರಿಯಾಕ್ಕ ಮಾತ್ರ ಇಂಥಾ ಬಳಕಿಂದ ಔಷಧದ ರೂಢಿ ಆಗ್ತದ, ನಾಳೆ ಖರೇನ ಬೇಕಾದಾಗ ಗುಳಿಗಿ ನಡಿಯಂಗಿಲ್ಲ.

‘ಸೆಪ್ಟಿಕ್ ಇಂಜೆಕ್ಷನ್’ ಅನ್ನೋದು ಇನ್ನೂ ಮೋಸದ ಹೆಸರು. ಮೊಳಿ ಚುಚ್ಚಿತು, ಟಿ.ಟಿ. ಹಾಕಿಸ್ಕೊಂಡು ಬಂದ, ಇನ್ನ ಸೆಪ್ಟಿಕ್ ಆಗಂಗಿಲ್ಲ ಅಂತ ಗಾಯ ತೊಳಿಯೋದನ್ನ ಬಿಟ್ಟವರನ್ನ ಕಂಡೇನಿ. ಟಿ.ಟಿ. ತಡಿಯೋದು ಒಂದ ಒಂದು ರೋಗ, ಧನುರ್ವಾಯು. ಅದರ ಬೀಜ ಮಣ್ಣಾಗ, ಸಗಣ್ಯಾಗ ಇರ್ತದ. ಜಂಗಿನಾಗ ಅಲ್ಲ. ಕೀವು ಮಾಡೋ ಉಳದ ಕ್ರಿಮಿಗೂ ಆ ಸೂಜಿಗೂ ಸಂಬಂಧ ಇಲ್ಲ. ಈಗ ಸರಕಾರಿ ದವಾಖಾನ್ಯಾಗ ಟಿ.ಟಿ. ಬದಲಿ ಟಿ.ಡಿ. ಕೊಡ್ತಾರ, ಅದು ಗಂಟಲಮಾರಿನೂ ತಡೀತದ. ಸೂಜಿನೂ ಬೇಕು, ತೊಳಿಯೋದೂ ಬೇಕು. ಒಂದು ಇನ್ನೊಂದರ ಬದಲಿ ಆಗಂಗಿಲ್ಲ.

ಕನ್ನಡದಾಗ ಹೇಳಿದ್ರ ಈ ಗೊಂದಲ ಇರಂಗಿಲ್ಲ ಅಂತ ಯಾರರೆ ಅನಬಹುದು. ಅಲ್ಲೂ ಒಂದು ಫಜೀತಿ ಅದ. ಆಂಟಿಸೆಪ್ಟಿಕ್ಕಿಗೆ ‘ನಂಜುನಿರೋಧಕ’ ಅಂತ ಬರೀತಾರ. ನಂಜು ಅಂದ್ರ ವಿಷ. ವಿಷ ಉಂಡ ದೇವರು ನಂಜುಂಡ, ಆ ದೇವರ ಊರು ನಂಜನಗೂಡು. ಗಾಯಕ್ಕ ನಂಜು ಅಂದಕೂಡ್ಲೆ ನಮ್ಮ ಮಂದಿ ವಿಷದ ಲೆಕ್ಕ ಹಾಕ್ತಾರ: ವಿಷ ಊಟದಿಂದ ಬರ್ತದ, ಆದ್ದರಿಂದ ಬದನಿಕಾಯಿ ನಂಜು, ಶೇಂಗಾ ನಂಜು, ತಿನಬ್ಯಾಡ. ಹೊಲಗಿ ಹಾಕಿಸ್ಕೊಂಡು ಬಂದ ಬಾಣಂತಿಗೆ ಕಾಯಿಪಲ್ಲೆ ಬಂದ್, ಬ್ಯಾಳಿ ಬಂದ್, ಬರೇ ಅನ್ನ ಮೆಣಸಿನ ಸಾರು. ಗಾಯ ಮಾಯಲಿಕ್ಕೆ ಮೈಗೆ ಪ್ರೋಟೀನ್ ಬೇಕಾದ ಹೊತ್ತಿನಾಗ ಆಕೀನ ಉಪವಾಸ ಕೆಡವತೇವಿ. ಆದ್ರ ಹೊಲಗಿ ಮುಟ್ಟೋವಾಗ ಕೈ ತೊಳಕೊಂಡ್ರೇನು ಅಂತ ಯಾರೂ ಕೇಳಂಗಿಲ್ಲ. ಪುಸ್ತಕದವರ ಇನ್ನೊಂದು ಶಬ್ದ ‘ಪೂತಿನಾಶಕ’. ಪೂತಿ ಅಂದ್ರ ಸಂಸ್ಕೃತದಾಗ ಕೊಳತು ನಾರೋದು, ಅರ್ಥದಾಗ ಗ್ರೀಕ್ ಶಬ್ದದ ತಂಗಿ. ಅರ್ಥ ಸರಿ ಅದ, ಆದ್ರ ಅಡಗಿಮನಿ ತನಕ ಅದು ಬರಲೇ ಇಲ್ಲ. ನನ್ನ ಕೇಳಿದ್ರ ‘ಗಾಯ ಕೊಳೀಲಾರದಂಗ ಹಚ್ಚೋದು’ ಅಂತ ಮೂರು ಶಬ್ದದಾಗ ಹೇಳೋದ ಛಲೋ. ಉದ್ದ ಆದ್ರ ಆಗಲಿ, ಎಲ್ಲಿ ಹಚ್ಚೋದು, ಯಾತಕ್ಕ ಹಚ್ಚೋದು ಎರಡೂ ಅದರಾಗ ಬಂದು ಹೋಗ್ತದ.

ಈಗ ಅರಿಷಿಣಕ್ಕ ಬರೋಣ. ಇಲ್ಲಿ ಬಯ್ಸಿಕೊಳ್ಳೋದು ಖಚಿತ, ಆದ್ರೂ ಬರೀತೇನಿ. ನನಗ ಅರಿಷಿಣದ ಮ್ಯಾಲೆ ಸಿಟ್ಟಿಲ್ಲ. ಹುಳಿಗೆ ಬೇಕು, ಗೌರಿಗೆ ಬೇಕು, ಗಲ್ಲಕ್ಕ ಬೇಕು. ಅದರಾಗಿನ ಕರ್ಕ್ಯುಮಿನ್ ಪ್ರಯೋಗಾಲಯದ ತಟ್ಟಿಯೊಳಗ ಕೆಲವು ಕ್ರಿಮಿ ಬೆಳಿಯೋದನ್ನ ತಡೀತದ, ಖರೆ. ತಟ್ಟಿ ಬ್ಯಾರೆ, ಹಸಿ ಗಾಯ ಬ್ಯಾರೆ. ಮಣ್ಣಾಗ ಬೆಳದ ಬೇರು ಅದು. ಅಂಗಳದಾಗ ಒಣಗಿಸಿ, ಗಿರಣ್ಯಾಗ ಬೀಸಿ, ಅಡಗಿ ಚಮಚಾ ಹತ್ತು ಸಲ ಅದ್ದಿದ ಪುಡಿ ಅದು. ಮಸಾಲಿ ಪುಡಿಯೊಳಗ ಕ್ರಿಮಿಯ ಬೀಜ ಇರೋದು ಸಹಜ, ಕುದಿಸಿ ತಿಂತೇವಿ ಅಂತ ಬದಕೇವಿ. ಕೆಲವು ಕಡೆ ಬಣ್ಣ ಬರಲಿ ಅಂತ ಸೀಸದ ಕ್ರೋಮೇಟ್ ಬೆರಸಿದ್ದೂ ಸಿಕ್ಕದ. ಅದನ್ನ ಹಸಿ ಗಾಯದಾಗ ತುಂಬೋದಕ್ಕ ಆಂಟಿಸೆಪ್ಟಿಕ್ ಅನ್ನೋ ಹೆಸರು!

‘ಅಮೆರಿಕಾದವ್ರ ಒಪ್ಪ್ಯಾರ, ಪೇಟೆಂಟ್ ಕೇಸ್ ನಾವು ಗೆದ್ದೇವಿ’ ಅಂತ ಎದಿ ಬಡಕೊಳ್ಳೋರಿಗೆ ಒಂದು ಮಾತು. 1995ರಾಗ ಅಮೆರಿಕಾದ ವಿಶ್ವವಿದ್ಯಾಲಯ ಒಂದಕ್ಕ ಅರಿಷಿಣದಿಂದ ಗಾಯ ಮಾಯಿಸೋದಕ್ಕ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿ.ಎಸ್.ಐ.ಆರ್. ಬಡದಾಡಿ 1997ರಾಗ ಅದನ್ನ ರದ್ದು ಮಾಡಿಸಿತು. ಹೆಮ್ಮಿ ಪಡೋವಂಥಾದ್ದ. ಆದ್ರ ಅಲ್ಲಿ ಗೆದ್ದ ವಾದ ಯಾವುದು? ‘ಇದು ಹೊಸಾದಲ್ಲ, ನಾವು ಹಿಂದಿನಿಂದ ಹಚ್ಚಕೋತ ಬಂದೇವಿ’ ಅನ್ನೋದು. ಹಚ್ಚಕೋತ ಬಂದದ್ದು ಸಿದ್ಧ ಆತು, ಹಚ್ಚಿದ್ರ ಕೊಳಿಯಂಗಿಲ್ಲ ಅನ್ನೋದು ಆ ಕೇಸಿನ ಪ್ರಶ್ನಿನ ಆಗಿರಲಿಲ್ಲ.

ಅರಿಷಿಣದ ದೊಡ್ಡ ಅಪಾಯ ಅದರ ಬಣ್ಣ. ಗಾಯ ಕೆಡಾಕತ್ತೇದೋ ಇಲ್ಲೋ ಅಂತ ತಿಳಿಯೋದು ಕಣ್ಣಿನಿಂದ: ಸುತ್ತಲ ಕೆಂಪಾತೇನು, ಬಾತದೇನು, ಕೀವು ಬಂತೇನು, ಕಪ್ಪ ತಿರಗಿತೇನು. ಹಳದಿ ಬಳದ ಮ್ಯಾಲೆ ಏನು ಕಂಡೀತು? ನಮ್ಮ ಓಣ್ಯಾಗ ಸಕ್ರಿ ಬ್ಯಾನಿ ಇದ್ದ ಹಿರಿಯರೊಬ್ಬರಿಗೆ ಚಪ್ಪಲಿ ಕಚ್ಚಿ ಕಾಲಬೆರಳಿಗೆ ಸಣ್ಣ ಗಾಯ ಆತು. ಮನಿಯವರು ಅರಿಷಿಣ ಕೊಬ್ಬರಿಎಣ್ಣಿ ಮೆತ್ತಿದ್ರು, ಮ್ಯಾಲೆ ಮ್ಯಾಲೆ ಮೆತ್ತಕೋತ ಹೋದ್ರು. ಸಕ್ರಿ ಬ್ಯಾನಿಯೊಳಗ ಕಾಲಿನ ನರ ಸತ್ತು ನೋವು ಗೊತ್ತಾಗಂಗಿಲ್ಲ. ಅವರಿಗೆ ನೋಯಲಿಲ್ಲ, ಉಳದವರಿಗೆ ಕಾಣಲಿಲ್ಲ. ಮೂರನೇ ವಾರ ನಾತ ಬಂದಾಗ ಓಡಿದ್ರು. ಬೆರಳು ಹೋತು. ದವಾಖಾನಿಯಿಂದ ಬಂದ ಮ್ಯಾಲೂ ಅವರ ಮನ್ಯಾಗ ಕೇಳಿದ ಮಾತು ‘ಆಂಟಿಸೆಪ್ಟಿಕ್ ಹಚ್ಚಿದ್ವಿ, ಆದ್ರೂ ಹಿಂಗಾತು ನೋಡ್ರಿ.’ ಹಚ್ಚಿದ್ದು ಆಂಟಿಸೆಪ್ಟಿಕ್ ಅಲ್ಲರೀ, ಒಂದು ಪರದಾ ಹಚ್ಚಿದ್ರಿ.

ಕೂಸಿನ ಹೊಕ್ಕಳದ್ದು ಇನ್ನೂ ದೊಡ್ಡ ಮಾತು. ಬಾಣಂತಿ ಕೋಣ್ಯಾಗ ಈಗೂ ಹೊಕ್ಕಳಬಳ್ಳಿ ಬೀಳೋ ತನಕ ಅರಿಷಿಣ, ಎಣ್ಣಿ, ಬೂದಿ ಹಚ್ಚೋ ಮನಿ ಅವ. ಹಚ್ಚಬ್ಯಾಡ್ರಿ ಅಂದ್ರ ‘ನಮ್ಮ ಹಿರ್ಯಾರು ಹಚ್ಚಿಲ್ಲೇನು? ನಾವು ಬದಕಿಲ್ಲೇನು?’ ಅಂತ ಬರ್ತಾರ. ಬದಕಿದವರು ಮಾತಾಡ್ತೇವಿ. ಹೋದ ಕೂಸುಗಳಿಗೆ ಮಾತು ಎಲ್ಲಿಂದ ಬರಬೇಕು? ನಿಮ್ಮ ನಿಮ್ಮ ಅಜ್ಜಿ ಎಷ್ಟು ಹಡದ್ರು, ಎಷ್ಟು ಉಳದ್ವು, ಮನಿ ಹಿರಿಯರನ್ನ ಕೇಳಿ ನೋಡ್ರಿ. ‘ವಾರದ ಕೂಸು, ಹಾಲು ಹಿಡೀಲಿಲ್ಲ, ಸೆಟಗೊಂಡು ಹೋತು, ಗಾಳಿ ಸೋಕಿತ್ತು’ ಅನ್ನೋ ಮಾತು ಎಷ್ಟು ಮನ್ಯಾಗ ಅದ! ಹುಟ್ಟಿ ಮೂರನೇ ದಿನದಿಂದ ಎರಡು ವಾರದೊಳಗ ಮೊಲಿ ಚೀಪೋದು ಬಿಟ್ಟು ಮೈ ಸೆಟಿಯೋದು ಹಸುಗೂಸಿನ ಧನುರ್ವಾಯುವಿನ ಲಕ್ಷಣ. ಹೊಲಸು ಬ್ಲೇಡು, ಕುಡಗೋಲಿನಿಂದ ಹೊಕ್ಕಳ ಕೊಯ್ದ್ರ, ಕೊಯ್ದ ಜಾಗಕ್ಕ ಸಗಣಿ ಬೂದಿ ಹಚ್ಚಿದ್ರ ಬರೋ ರೋಗ. ನಮ್ಮ ದೇಶದಾಗ ಇದು ನಿವಾರಣ ಆಗೇದ ಅಂತ ಘೋಷಣಾ ಆದದ್ದು 2015ರಾಗ. ಅಂದ್ರ ಎಲ್ಲಾ ಜಿಲ್ಲಾದಾಗೂ ಹುಟ್ಟಿದ ಸಾವಿರ ಕೂಸಿಗೆ ಒಂದಕ್ಕಿಂತ ಕಡಿಮಿ. ಅದನ್ನ ಮಾಡಿದ್ದು ಅರಿಷಿಣ ಅಲ್ಲ. ಬಸರಿಗೆ ಹಾಕಿದ ಟಿ.ಟಿ., ದವಾಖಾನಿ ಹೆರಿಗಿ, ಮತ್ತ ಸೂಲಗಿತ್ತ್ಯಾರಿಗೆ ಕಲಿಸಿದ ಐದು ಸ್ವಚ್ಛ: ಕೈ ಸ್ವಚ್ಛ, ಹಾಸಿದ ಜಾಗ ಸ್ವಚ್ಛ, ಬ್ಲೇಡು ಸ್ವಚ್ಛ, ಕಟ್ಟೋ ದಾರ ಸ್ವಚ್ಛ, ಹೊಕ್ಕಳ ಸ್ವಚ್ಛ. ಹೊಕ್ಕಳ ಸ್ವಚ್ಛ ಅಂದ್ರ ಏನೂ ಹಚ್ಚಲಾರದ್ದು. ದವಾಖಾನ್ಯಾಗ ಹೆರಿಗಿ ಆದ್ರ ಹೊಕ್ಕಳ ಒಣಾ ಇಡ್ರಿ ಅನ್ನೋದ ವಿಶ್ವ ಆರೋಗ್ಯ ಸಂಸ್ಥೆ ಮಾತು. ಹೊಕ್ಕಳಕ್ಕ ಸಗಣಿಯಂಥಾ ಅಪಾಯದ ವಸ್ತು ಹಚ್ಚೋ ರೂಢಿ ಇರೋ ಕಡೆ ಮಾತ್ರ ಕ್ಲೋರ್‌ಹೆಕ್ಸಿಡಿನ್ ಅನ್ನೋ ಔಷಧ ಹೇಳ್ತಾರ, ಅದಕ್ಕೂ ಪ್ರಮಾಣ ಅದ, ದಿನ ಅದ.

ಹಟ ಬರೇ ನಮ್ಮ ಅಜ್ಜಿಗಳದ್ದ ಅಂತ ತಿಳೀಬ್ಯಾಡ್ರಿ. 1847ರಾಗ ವಿಯೆನ್ನಾದ ಹೆರಿಗಿ ದವಾಖಾನ್ಯಾಗ ಸೆಮ್ಮೆಲ್ವೈಸ್ ಅನ್ನೋ ಡಾಕ್ಟರ್, ಹೆಣಾ ಕೊಯ್ದ ಕೈಲೆ ಹೆರಿಗಿ ಮಾಡಬ್ಯಾಡ್ರಿ, ಕ್ಲೋರಿನ್ ಸುಣ್ಣದ ನೀರಾಗ ಕೈ ತೊಳೀರಿ ಅಂದ. ಆ ವರ್ಷ ಏಪ್ರಿಲದಾಗ ನೂರಕ್ಕ 18 ಬಾಣಂತ್ಯಾರು ಸಾಯ್ತಿದ್ದದ್ದು ಜೂನದಾಗ ಎರಡರ ಹತ್ರ ಇಳೀತು. ಆದ್ರೂ ದೊಡ್ಡ ದೊಡ್ಡ ಡಾಕ್ಟರು ಅವನ ಮಾತು ಒಪ್ಪಲಿಲ್ಲ. ‘ನಾವು ಇಷ್ಟು ವರ್ಷ ಹಿಂಗ ಮಾಡೇವಿ’ ಅನ್ನೋದು ಎಲ್ಲಾ ಊರಿನ ಹಿರಿಯರ ಮಾತ.

ಹಂಗಂತ ಹೊಸಾ ಕಾಲದವರು ಗೆದ್ದೇವಿ ಅಂತ ಕೂಡಬ್ಯಾಡ್ರಿ. ಅರಿಷಿಣ ಬಿಟ್ಟು ಜಾಹೀರಾತು ಹಿಡದೀರಿ. ಟಿ.ವಿ.ಯೊಳಗ ಭೂತಗನ್ನಡಿ ಹಿಡದು ಹಸರು ಹುಳಾ ತೋರಿಸಿದ ಕೂಡ್ಲೆ ತಾಯಂದಿರು ಹೆದರಿ, ಸಾದಾ ಸಾಬೂನಿಗಿಂತ ದುಪ್ಪಟ್ಟು ರೊಕ್ಕ ಕೊಟ್ಟು ‘ಕ್ರಿಮಿನಾಶಕ’ ಅಂತ ಬರದದ್ದನ್ನ ತರ್ತೀರಿ. 2016ರಾಗ ಅಮೆರಿಕಾದ ಔಷಧ ನಿಯಂತ್ರಣದವರು ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕ ಹಾಕಿದ ಕೈ-ಮೈ ತೊಳಿಯೋ ಸಾಬೂನು ಮಾರಬಾರದು ಅಂದ್ರು. ಕಾರಣ ಏನು? ಸಾದಾ ಸಾಬೂನು ನೀರಿಗಿಂತ ಇವು ಹೆಚ್ಚು ಕೆಲಸಾ ಮಾಡ್ತಾವ, ದಿನಾ ಬಳಸಿದ್ರ ಅಪಾಯ ಇಲ್ಲ ಅಂತ ಕಂಪನಿಗಳು ತೋರಿಸಲಿಲ್ಲ. ಅಂದ್ರ ಅಜ್ಜಿಯ ಪುಡಿಯಂಗ ಅಂಗಡಿ ಬಾಟ್ಲಿನೂ ಶಬ್ದದ ಮ್ಯಾಲ ನಡೀತಿತ್ತು.

ಮತ್ತ ಏನು ಮಾಡೋದು ಅಂದ್ರ, ಭಾಳ ಸಪ್ಪ ಉತ್ತರ. ಮೊದಲ ನಿಮ್ಮ ಕೈ ಸಾಬೂನಿಲೆ ತೊಳೀರಿ. ಗಾಯಾನ ಹರಿಯೋ ಕುಡಿಯೋ ನೀರಾಗ ಮಣ್ಣು ಹೋಗೋ ತನಕ ತೊಳೀರಿ. ಅರ್ಧ ಕೆಲಸಕ್ಕಿಂತ ಹೆಚ್ಚು ಅಲ್ಲೇ ಮುಗೀತು. ಆಮ್ಯಾಲೆ ಬೇಕಿದ್ರ ಚರ್ಮಕ್ಕ ಅಂತ ಬರದಿರೋ ಔಷಧ, ಬರದಿರೋ ಪ್ರಮಾಣದಾಗ. ಶುದ್ಧ ಅರಿವಿ ಮುಚ್ಚಿ ದಿನಾ ತಗದು ನೋಡ್ರಿ. ಆಳ ಗಾಯ, ನಾಯಿ ಕಚ್ಚಿದ್ದು, ಸಕ್ರಿ ಬ್ಯಾನಿಯವರ ಕಾಲು, ಹಸುಗೂಸು, ಈ ನಾಕರೊಳಗ ಮನಿವೈದ್ಯ ಬ್ಯಾಡ, ಅದ ದಿನ ದವಾಖಾನಿ.

ಮತ್ತ ಯಾರರೆ ‘ಇದು ಆಂಟಿಸೆಪ್ಟಿಕ್ ಅದ’ ಅಂದ್ರ ಸುಮ್ನ ತಲಿ ಅಲ್ಲಾಡಸಬ್ಯಾಡ್ರಿ. ಮೂರ ಪ್ರಶ್ನಿ ಕೇಳ್ರಿ: ಚರ್ಮಕ್ಕೋ ನೆಲಕ್ಕೋ? ಎಷ್ಟು ನೀರಿಗೆ ಎಷ್ಟು? ಯಾವ ಕ್ರಿಮಿಗೆ? ಮೂರಕ್ಕೂ ಉತ್ತರ ಇದ್ರ ಅದು ಔಷಧ. ಇಲ್ಲಂದ್ರ ಅದು ಒಂದು ಶಬ್ದ ಅಷ್ಟ, ಗಾಯದ ಮ್ಯಾಲೆ ಇಡೋವಂಥಾದ್ದಲ್ಲ.